ಊರಿನ ಹೆಸರು ಅಚ್ಚಾಗುವ ಪುಟ: ಜಿಲ್ಲಾ ದಿನಪತ್ರಿಕೆಗಳ ಆರ್ಥಿಕ ಮುಗ್ಗಟ್ಟು ಮತ್ತು ಕನ್ನಡ ಅಧ್ಯಯನ

1

ಕನ್ನಡ ಪತ್ರಿಕೋದ್ಯಮವನ್ನು ಕುರಿತ ಬರಹಗಳು ಸಾಮಾನ್ಯವಾಗಿ ಎರಡು ಬಗೆಯವು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ದಿಂದ ಮೊದಲ್ಗೊಂಡು ಸ್ವಾತಂತ್ರ್ಯ ಚಳವಳಿ ಮತ್ತು ಏಕೀಕರಣದ ಕಾಲದ ಪತ್ರಿಕೆಗಳ ಸಾಧನೆಯನ್ನು ದಾಖಲಿಸುವವು ಒಂದು ಬಗೆ. ಇಂದಿನ ಮಾಧ್ಯಮಗಳ ನೈತಿಕ ಕುಸಿತವನ್ನು ಖಂಡಿಸುವವು ಇನ್ನೊಂದು ಬಗೆ. ಮೊದಲನೆಯದರಲ್ಲಿ ಅಭಿಮಾನವಿದೆ, ಎರಡನೆಯದರಲ್ಲಿ ಆಕ್ರೋಶವಿದೆ. ಇವೆರಡರ ನಡುವೆ, ಪತ್ರಿಕೆಯನ್ನು ದಿನವೂ ಹೊರತರುವ ದುಡಿಮೆ, ಆ ದುಡಿಮೆಗೆ ಸಲ್ಲುವ ಕೂಲಿ, ಕೂಲಿ ನಿಂತಾಗ ಭಾಷೆಗೆ ಆಗುವ ನಷ್ಟ ಇವು ಚರ್ಚೆಗೆ ಬಂದದ್ದು ಬಹಳ ಕಡಿಮೆ. ಜಿಲ್ಲಾ ಮಟ್ಟದ ದಿನಪತ್ರಿಕೆಗಳ ವಿಷಯದಲ್ಲಂತೂ ಈ ಮೌನ ಇನ್ನೂ ದಟ್ಟವಾಗಿದೆ.

ಈ ಪ್ರಶ್ನೆಯನ್ನು ಬೆಂಗಳೂರಿನಿಂದ ನೋಡುವುದಕ್ಕಿಂತ ಐಗಳಿಯಂಥ ಊರಿನಿಂದ ನೋಡುವುದು ಹೆಚ್ಚು ಫಲಕಾರಿ. ಬೆಳಗಾವಿ ಜಿಲ್ಲೆ ಅಥಣಿ ತಾಲ್ಲೂಕಿನ ಪೂರ್ವಭಾಗದಲ್ಲಿ, ಅಥಣಿಯಿಂದ ವಿಜಯಪುರಕ್ಕೆ ಹೋಗುವ ದಾರಿಯ ಕಡೆ ಈ ಊರಿದೆ. ಜಿಲ್ಲಾ ಕೇಂದ್ರವಾದ ಬೆಳಗಾವಿಗಿಂತ ಇದಕ್ಕೆ ವಿಜಯಪುರ, ಮೀರಜ, ಸಾಂಗಲಿಗಳೇ ಹತ್ತಿರ. ತಾಲ್ಲೂಕಿನ ಕೃಷ್ಣಾ ದಂಡೆಯ ಭಾಗದಲ್ಲಿ ಕಬ್ಬು, ಈ ಭಾಗದಲ್ಲಿ ದ್ರಾಕ್ಷಿ. ಇಲ್ಲಿಯ ಪಡಗಳಲ್ಲಿ ಬೆಳೆದ ದ್ರಾಕ್ಷಿ ಒಣದ್ರಾಕ್ಷಿಯಾಗಿ ವಿಜಯಪುರಕ್ಕೂ ಮಹಾರಾಷ್ಟ್ರದ ತಾಸಗಾಂವ, ಸಾಂಗಲಿಗಳ ಪೇಟೆಗೂ ಹೋಗುತ್ತದೆ. ಗಡಿಯಾಚೆಯ ಜತ್ತ ತಾಲ್ಲೂಕಿನಲ್ಲಿ ಕನ್ನಡ ಮಾತನಾಡುವ ಹಳ್ಳಿಗಳಿವೆ. ಊರಿನಲ್ಲಿ ಪೊಲೀಸ್ ಠಾಣೆ ಇದೆ. ಎಂದರೆ, ಅಪರಾಧ, ನ್ಯಾಯ, ಮಾರುಕಟ್ಟೆ, ನೀರು, ಸಾಲ ಇವುಗಳಿಗೆ ಸಂಬಂಧಿಸಿದ ಸುದ್ದಿ ಇಲ್ಲಿ ದಿನವೂ ಹುಟ್ಟುತ್ತದೆ. ‘ಐಗಳಿ’ ಎಂಬ ಊರಹೆಸರಿನಿಂದ ಶುರುವಾಗುವ ನಾಲ್ಕು ಸಾಲಿನ ವರದಿಯೊಂದು ಅಚ್ಚಾಗಬೇಕಾದರೆ ಅದನ್ನು ಬರೆಯುವವನೊಬ್ಬ, ತಿದ್ದುವವನೊಬ್ಬ, ಅದಕ್ಕೆ ಪುಟದಲ್ಲಿ ಜಾಗ ಕೊಡುವ ಪತ್ರಿಕೆಯೊಂದು ಇರಬೇಕು. ಈ ಮೂರೂ ಕೊಂಡಿಗಳು ಈಗ ಸಡಿಲಗೊಳ್ಳುತ್ತಿವೆ.

ಜಿಲ್ಲಾ ದಿನಪತ್ರಿಕೆಗಳ ಮುಗ್ಗಟ್ಟನ್ನು ವ್ಯಾಪಾರದ ಸೋಲೆಂದು ತಿಳಿದು ಕನ್ನಡ ವಿಭಾಗಗಳು ಸುಮ್ಮನಿರುವಂತಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ. ಅದರೊಡನೆಯೇ ಹೇಳಬೇಕಾದ ಇನ್ನೊಂದು ಮಾತಿದೆ. ಪತ್ರಿಕೆಗೆ ದೊರೆಯಬೇಕಾದ ನೆರವು ಅಲ್ಲಿ ದುಡಿಯುವವರಿಗೆ ಸಲ್ಲುವ ಸಂಬಳದ ಷರತ್ತಿಗೆ ಒಳಪಟ್ಟಿರಬೇಕು.

2

ಮೊದಲು ಈ ಪತ್ರಿಕೆಗಳ ಆರ್ಥಿಕ ರಚನೆಯನ್ನು ಗಮನಿಸಬೇಕು. ದಿನಪತ್ರಿಕೆ ತನ್ನ ತಯಾರಿಕೆಯ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಾಟವಾಗುವ ವಿಚಿತ್ರ ಸರಕು. ಓದುಗ ಕೊಡುವ ಹಣದಲ್ಲಿ ಏಜೆಂಟರ ಕಮಿಷನ್ನು, ಸಾಗಾಣಿಕೆಯ ಖರ್ಚು ಕಳೆದರೆ ಉಳಿಯುವುದು ಅತ್ಯಲ್ಪ. ಆದ್ದರಿಂದ ಪ್ರತಿ ಹೆಚ್ಚಿನ ಪ್ರತಿಯೂ ಜಾಹೀರಾತಿನ ಬಲವಿಲ್ಲದಿದ್ದರೆ ನಷ್ಟವನ್ನೇ ಹೆಚ್ಚಿಸುತ್ತದೆ. ರಾಜ್ಯಮಟ್ಟದ ಪತ್ರಿಕೆಗೆ ವಾಹನ, ಚಿನ್ನಾಭರಣ, ನಿವೇಶನ, ಶಿಕ್ಷಣ ಸಂಸ್ಥೆಗಳ ಜಾಹೀರಾತು ದೊರೆಯುತ್ತದೆ. ಜಿಲ್ಲಾ ಪತ್ರಿಕೆಗೆ ಇರುವ ಆಧಾರಗಳು ಬೇರೆ: ಸರ್ಕಾರದ ಪ್ರಕಟಣೆಗಳು, ಸ್ಥಳೀಯ ಸಂಸ್ಥೆಗಳ ಟೆಂಡರ್ ನೋಟಿಸುಗಳು, ಸಹಕಾರಿ ಸಂಘ ಮತ್ತು ಸಕ್ಕರೆ ಕಾರ್ಖಾನೆಗಳ ವಾರ್ಷಿಕ ಸಭೆಯ ಪ್ರಕಟಣೆ, ಜಾತ್ರೆಯ ಮತ್ತು ಜನನಾಯಕರ ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ. ಇವುಗಳಲ್ಲಿ ಸರ್ಕಾರಿ ಜಾಹೀರಾತಿನ ಹಣ ತಡವಾಗಿ ಬರುತ್ತದೆ. ಇ-ಟೆಂಡರ್ ವ್ಯವಸ್ಥೆ ಬಂದ ಮೇಲೆ ಟೆಂಡರಿನ ಪೂರ್ಣ ವಿವರವನ್ನು ಪತ್ರಿಕೆಯಲ್ಲಿ ಕೊಡುವ ಅಗತ್ಯ ಕುಗ್ಗಿದೆ. ಶುಭಾಶಯ, ಶ್ರದ್ಧಾಂಜಲಿಗಳು ಮೊಬೈಲಿನ ಪರದೆಗೆ ವಲಸೆ ಹೋಗಿವೆ.

ಇನ್ನೊಂದು ಕಡೆ ಕಾಗದ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1981ರಿಂದ ಪತ್ರಿಕಾ ಮುದ್ರಣದ ಕಾಗದವನ್ನು ತಯಾರಿಸುತ್ತಿತ್ತು. 2015ರ ಹೊತ್ತಿಗೆ ಅಲ್ಲಿಯ ಉತ್ಪಾದನೆ ನಿಂತಿತು. ಆಮದು ಕಾಗದದ ಮೇಲೆ ಕೇಂದ್ರ ಸರ್ಕಾರ 2019ರ ಜುಲೈ ಬಜೆಟ್ಟಿನಲ್ಲಿ ಶೇ. 10ರ ಸೀಮಾಸುಂಕ ಹೇರಿ, 2020ರ ಫೆಬ್ರವರಿಯಲ್ಲಿ ಅದನ್ನು ಶೇ. 5ಕ್ಕೆ ಇಳಿಸಿತು. ಆದರೆ 2021-22ರಲ್ಲಿ ಸಾಗಾಣಿಕೆಯ ಅಡಚಣೆ ಮತ್ತು ಉಕ್ರೇನ್ ಯುದ್ಧದ ಕಾರಣ ಕಾಗದದ ಬೆಲೆ ಜಗತ್ತಿನಾದ್ಯಂತ ಏರಿತು. ದೊಡ್ಡ ಸಂಸ್ಥೆ ತಿಂಗಳುಗಟ್ಟಲೆಯ ಕಾಗದವನ್ನು ಮುಂಚಿತವಾಗಿ ಕೊಂಡಿಡಬಲ್ಲುದು. ಕೆಲವೇ ಸಾವಿರ ಪ್ರತಿಗಳ ಜಿಲ್ಲಾ ಪತ್ರಿಕೆ ಅಂದಂದಿನ ದರಕ್ಕೆ ಅಂದಂದಿನ ಕಾಗದ ಕೊಳ್ಳಬೇಕು.

ಈ ರಚನೆಯ ತುತ್ತತುದಿಯಲ್ಲಿ ತಾಲ್ಲೂಕು, ಹೋಬಳಿಗಳ ಬಿಡಿ ಸುದ್ದಿಗಾರನಿದ್ದಾನೆ. ಅನೇಕ ಕಡೆಗಳಲ್ಲಿ ವರದಿ ಕಳಿಸುವವನೂ, ಬೆಳಿಗ್ಗೆ ಬಸ್ಸಿನಿಂದ ಕಟ್ಟು ಇಳಿಸಿಕೊಂಡು ಹಂಚುವ ಏಜೆಂಟನೂ, ವಿಶೇಷ ಪುರವಣಿಗೆ ಜಾಹೀರಾತು ತರುವವನೂ ಒಬ್ಬನೇ. ವರದಿಗೆ ಅವನಿಗೆ ದೊರೆಯುವ ಸಂಭಾವನೆ ನಾಮಮಾತ್ರದ್ದು, ಕೆಲವೆಡೆ ಅದೂ ಇಲ್ಲ. ಅವನ ನಿಜವಾದ ಗಳಿಕೆ ಜಾಹೀರಾತಿನ ಕಮಿಷನ್ನು. ಯಾರ ಬಗ್ಗೆ ಬರೆಯಬೇಕೋ ಅವರಿಂದಲೇ ಅವನ ಜೀವನ ಸಾಗಬೇಕು. ಕಬ್ಬಿನ ಬಾಕಿಯನ್ನು ಕುರಿತು ವರದಿ ಮಾಡಬೇಕಾದವನು ಕಾರ್ಖಾನೆಯ ಕಚೇರಿಯಲ್ಲಿ ಪುರವಣಿಯ ಜಾಹೀರಾತಿಗಾಗಿ ಕಾಯುತ್ತ ಕುಳಿತರೆ, ಆ ವರದಿಯ ಗತಿಯೇನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮಾಧ್ಯಮದ ನೈತಿಕತೆಯ ಬಗ್ಗೆ ನಡೆಯುವ ವಿಚಾರಸಂಕಿರಣಗಳು ಈ ಲೆಕ್ಕದಿಂದ ಆರಂಭವಾಗಬೇಕು.

3

ಕನ್ನಡ ಪತ್ರಿಕೆ ಎಂದೂ ಲಾಭದ ಉದ್ಯಮವಾಗಿರಲಿಲ್ಲ, ಆದ್ದರಿಂದ ಇಂದಿನ ಮುಗ್ಗಟ್ಟಿನಲ್ಲಿ ಹೊಸದೇನೂ ಇಲ್ಲ ಎಂಬ ವಾದವಿದೆ. ಇದರ ಪೂರ್ವಾರ್ಧ ನಿಜ. ‘ಮಂಗಳೂರ ಸಮಾಚಾರ’ದ ಹಿಂದೆ ಬಾಸೆಲ್ ಮಿಶನ್ನಿನ ಆಸರೆಯಿತ್ತು. ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬೆಳೆದ ‘ಸಂಯುಕ್ತ ಕರ್ನಾಟಕ’ವನ್ನು ಲೋಕಶಿಕ್ಷಣ ಟ್ರಸ್ಟ್ ನಡೆಸಿಕೊಂಡು ಬಂದಿತು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಲ್ಲಿ ‘ಮುಂಗಾರು’ ದಿನಪತ್ರಿಕೆಯನ್ನು ಆರಂಭಿಸಿದಾಗ ಓದುಗರಿಂದಲೇ ಷೇರು ಹಣ ಸಂಗ್ರಹಿಸಿ, ಓದುಗರೇ ಪತ್ರಿಕೆಯ ಒಡೆಯರಾಗಬೇಕೆಂಬ ಪ್ರಯೋಗ ಮಾಡಿದರು. ಹಲವು ಪತ್ರಕರ್ತರನ್ನು ಬೆಳೆಸಿದ ಆ ಪತ್ರಿಕೆ ಹಣದ ಅಡಚಣೆಯಿಂದ ಉಳಿಯಲಿಲ್ಲ. 1980ರಲ್ಲಿ ಹೊರಟ ‘ಲಂಕೇಶ್ ಪತ್ರಿಕೆ’ ಜಾಹೀರಾತಿಲ್ಲದೆ ನಡೆದು ತೋರಿಸಿತು. ಆದರೆ ಅದು ವಾರಪತ್ರಿಕೆ, ರಾಜ್ಯದುದ್ದಕ್ಕೂ ಓದುಗರಿದ್ದ ಪತ್ರಿಕೆ. ಅದರ ಮಾದರಿಯನ್ನು ಒಂದು ಜಿಲ್ಲೆಯ ದಿನಪತ್ರಿಕೆಗೆ ಅನ್ವಯಿಸಲಾಗದು.

ವಾದದ ಉತ್ತರಾರ್ಧ ಮಾತ್ರ ಒಪ್ಪತಕ್ಕದ್ದಲ್ಲ. ಹಳೆಯ ಪತ್ರಿಕೆಗಳ ಕಷ್ಟ ಒಬ್ಬೊಬ್ಬ ಸಾಹಸಿಯ ಕಷ್ಟವಾಗಿತ್ತು. ಇಂದಿನದು ಮಾರುಕಟ್ಟೆಯ ರಚನೆಯಿಂದಲೇ ಹುಟ್ಟಿದ್ದು. ಸಣ್ಣ ಪತ್ರಿಕೆಗಳನ್ನು ದೊಡ್ಡ ಪತ್ರಿಕೆಗಳ ಬೆಲೆಪೈಪೋಟಿಯಿಂದ ರಕ್ಷಿಸಬೇಕೆಂದು ಮೊದಲ ಪತ್ರಿಕಾ ಆಯೋಗ 1954ರಲ್ಲಿಯೇ ಸೂಚಿಸಿತ್ತು. ಅದರಂತೆ ಪುಟಗಳ ಸಂಖ್ಯೆಗೂ ಬೆಲೆಗೂ ನಂಟು ಕಲ್ಪಿಸುವ ಕಾಯಿದೆ 1956ರಲ್ಲಿ ಬಂತು. ಇದನ್ನು ಪ್ರಶ್ನಿಸಿದ ಪತ್ರಿಕೆ ಪುಣೆಯ ‘ಸಕಾಳ’, ಬೆಳಗಾವಿಯ ಗಡಿಭಾಗದಲ್ಲಿ ಇಂದಿಗೂ ಪರಿಚಿತವಾದ ಮರಾಠಿ ದೈನಿಕ. 1961ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾಯಿದೆಯನ್ನು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ರದ್ದುಗೊಳಿಸಿತು. ಸ್ವಾತಂತ್ರ್ಯದ ದೃಷ್ಟಿಯಿಂದ ತೀರ್ಪು ಸರಿಯಾದುದೇ. ಆದರೆ ಸಣ್ಣ ಪತ್ರಿಕೆಗಳ ರಕ್ಷಣೆಗೆ ಬೇರೊಂದು ದಾರಿಯನ್ನು ಹುಡುಕುವ ಕೆಲಸ ಅಲ್ಲಿಗೇ ನಿಂತಿತು.

ಅದರ ಪರಿಣಾಮ ಕನ್ನಡದಲ್ಲಿ ತೀವ್ರವಾಗಿ ಕಂಡದ್ದು 1999ರ ನಂತರ. ಆ ವರ್ಷ ವಿಜಯ ಸಂಕೇಶ್ವರ ಅವರು ಆರಂಭಿಸಿದ ‘ವಿಜಯ ಕರ್ನಾಟಕ’ ಕಡಿಮೆ ಬೆಲೆ, ಹಲವು ಆವೃತ್ತಿಗಳು ಮತ್ತು ಸ್ಥಳೀಯ ಸುದ್ದಿಯ ಪುಟಗಳ ಮೂಲಕ ಓದುಗರ ವಲಯವನ್ನು ವಿಸ್ತರಿಸಿತು. 2006ರಲ್ಲಿ ಅದು ಟೈಮ್ಸ್ ಸಮೂಹಕ್ಕೆ ಮಾರಾಟವಾಯಿತು. ಉಳಿದ ರಾಜ್ಯಮಟ್ಟದ ಪತ್ರಿಕೆಗಳೂ ಬೆಲೆ ಇಳಿಸಿ, ಜಿಲ್ಲೆಗೊಂದು ಪುಟ ತೆರೆದವು. ಹೊಸ ಓದುಗರು ಹುಟ್ಟಿದ್ದು ಕನ್ನಡಕ್ಕೆ ಲಾಭವೇ ಸರಿ. ಆದರೆ ಊರಿನ ಸುದ್ದಿ ತನ್ನಲ್ಲಿ ಮಾತ್ರ ಸಿಗುತ್ತದೆ ಎಂಬ ಜಿಲ್ಲಾ ಪತ್ರಿಕೆಯ ಒಂದೇ ಒಂದು ಬಂಡವಾಳ ಕರಗಿತು. ಬೆಳಗಾವಿಯಿಂದ ಹೊರಟ ‘ಕನ್ನಡಮ್ಮ’, ‘ಲೋಕದರ್ಶನ’, ‘ಹಸಿರು ಕ್ರಾಂತಿ’ ಮುಂತಾದ ದೈನಿಕಗಳು ಒಂದು ಕಡೆ ಈ ಪೈಪೋಟಿಯನ್ನೂ, ಇನ್ನೊಂದು ಕಡೆ 1919ರಲ್ಲಿ ಬಾಬುರಾವ್ ಠಾಕೂರರು ಬೆಳಗಾವಿಯಲ್ಲಿ ಸ್ಥಾಪಿಸಿದ ‘ತರುಣ ಭಾರತ’, ಕೊಲ್ಲಾಪುರದ ‘ಪುಢಾರಿ’ಯಂಥ ಬಲಿಷ್ಠ ಮರಾಠಿ ಪತ್ರಿಕೆಗಳನ್ನೂ ಎದುರಿಸಬೇಕಾಯಿತು.

2020ರ ಲಾಕ್‌ಡೌನ್ ಈ ದುರ್ಬಲ ರಚನೆಯ ಮೇಲೆ ಬಿದ್ದ ಪೆಟ್ಟು. ಜಾಹೀರಾತು ನಿಂತಿತು, ಪುಟಗಳು ಇಳಿದವು, ಹಂಚುವ ಹುಡುಗರು ಮನೆ ಸೇರಿದರು. ಎರಡು ತಿಂಗಳಲ್ಲಿ 4,000ದಿಂದ 4,500 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಭಾರತೀಯ ವೃತ್ತಪತ್ರಿಕೆಗಳ ಒಕ್ಕೂಟ ಕೇಂದ್ರ ಸರ್ಕಾರಕ್ಕೆ ತಿಳಿಸಿ ನೆರವು ಕೋರಿತು. ಅದೇ ಏಪ್ರಿಲ್‌ನಲ್ಲಿ ಉದ್ಯೋಗಕಡಿತ ಮತ್ತು ವೇತನಕಡಿತಗಳ ವಿರುದ್ಧ ಪತ್ರಕರ್ತರ ಸಂಘಟನೆಗಳು ಸರ್ವೋಚ್ಚ ನ್ಯಾಯಾಲಯದ ಮೊರೆಹೋದವು. ಒಂದೇ ಉದ್ಯಮದ ಎರಡು ಅರ್ಜಿಗಳು ಇವು. ಮಾಲೀಕರ ಅರ್ಜಿಯಲ್ಲಿ ನೌಕರರ ಹೆಸರಿನಲ್ಲಿ ನೆರವಿನ ಬೇಡಿಕೆ, ನೌಕರರ ಅರ್ಜಿಯಲ್ಲಿ ಮಾಲೀಕರಿಂದ ರಕ್ಷಣೆಯ ಬೇಡಿಕೆ.

4

ಪತ್ರಿಕೆಯಿಂದ ಹೊರಹೋದವರು ಯಾರು ಎಂಬ ಪ್ರಶ್ನೆ ಕನ್ನಡ ಅಧ್ಯಾಪಕರಿಗೆ ಬಹಳ ಮುಖ್ಯವಾದುದು. ಇದು ಒಂದೇ ದಿನ ನಡೆದದ್ದಲ್ಲ. ಮೊದಲು ಹೋದವರು ಅಚ್ಚುಮೊಳೆ ಜೋಡಿಸುವವರು. ಗಣಕಯಂತ್ರ ಬಂದ ಮೇಲೆ ಅವರ ಕೆಲಸ ಉಳಿಯುವುದು ಸಾಧ್ಯವಿರಲಿಲ್ಲ. ಅನಂತರ ಹೋದವರು ಕರಡಚ್ಚು ತಿದ್ದುವವರು. ಇವರ ಕೆಲಸವನ್ನು ಯಾವ ಯಂತ್ರವೂ ವಹಿಸಿಕೊಂಡಿರಲಿಲ್ಲ. ಅದನ್ನು ಉಪಸಂಪಾದಕರ ತಲೆಗೆ ಕಟ್ಟಲಾಯಿತು. ಈಗ ಉಪಸಂಪಾದಕರ ಸಂಖ್ಯೆಯೂ ಇಳಿಯುತ್ತಿದೆ. ವರದಿ ಮೊಬೈಲಿನಲ್ಲಿ ಬೆರಳಚ್ಚಾಗಿ ಬಂದಂತೆಯೇ ಪುಟಕ್ಕೆ ಸೇರುವ ಸ್ಥಿತಿ ಒದಗಿದೆ. ಪತ್ರಿಕೆಗಳ ಕನ್ನಡ ಕೆಟ್ಟಿದೆ ಎಂದು ತರಗತಿಗಳಲ್ಲಿ ಆಗಾಗ ಕೇಳಿಬರುವ ದೂರಿನ ಹಿಂದೆ ತಿದ್ದುವ ಹುದ್ದೆಗಳೇ ಇಲ್ಲವಾದ ಸತ್ಯ ಅಡಗಿದೆ. ಭಾಷಾಶುದ್ಧಿಗೆ ಸಂಬಳ ಬೇಕು.

ಕನ್ನಡ ಎಂ.ಎ. ಪದವೀಧರರಿಗೆ ಅಧ್ಯಾಪನದ ಹೊರಗೆ ಇದ್ದ ಮುಖ್ಯ ಉದ್ಯೋಗಗಳಲ್ಲಿ ಪತ್ರಿಕೆಯ ಉಪಸಂಪಾದಕತ್ವ ಒಂದು. ಪತ್ರಿಕೆ ಮತ್ತು ಕನ್ನಡ ವಿದ್ವತ್ತಿನ ನಡುವಿನ ಕೊಡುಕೊಳೆ ಹಳೆಯದು. ‘ಕಸ್ತೂರಿ’ಯ ಸಂಪಾದಕರಾಗಿದ್ದ ಪಾ. ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’, 1991ರಿಂದ ‘ಪ್ರಜಾವಾಣಿ’ಯಲ್ಲಿ ಬಂದ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಇವು ಪತ್ರಿಕೆಯ ಪುಟಗಳಲ್ಲಿ ಬೆಳೆದ ನಿಘಂಟುಶಾಸ್ತ್ರ. ಸಂಪಾದಕೀಯ ವಿಭಾಗ ಕುಗ್ಗಿದಾಗ ಇಂಥ ಕೆಲಸಕ್ಕೆ ಇರುವ ನೆಲೆಯೂ ಕುಗ್ಗುತ್ತದೆ.

ಕಾನೂನಿನ ರಕ್ಷಣೆ ಇರಲಿಲ್ಲವೆಂದಲ್ಲ. 1955ರ ಕಾರ್ಯನಿರತ ಪತ್ರಕರ್ತರ ಕಾಯಿದೆ ಸಂಪಾದಕನನ್ನು ತೆಗೆಯಲು ಆರು ತಿಂಗಳ, ಇತರ ಪತ್ರಕರ್ತರನ್ನು ತೆಗೆಯಲು ಮೂರು ತಿಂಗಳ ನೋಟಿಸು ಕೊಡಬೇಕೆಂದು ವಿಧಿಸಿತ್ತು. ಮಜೀಥಿಯಾ ವೇತನ ಮಂಡಳಿಯ ಶಿಫಾರಸುಗಳನ್ನು 2011ರ ನವೆಂಬರ್‌ನಲ್ಲಿ ಪ್ರಕಟಿಸಲಾಯಿತು. 2014ರ ಫೆಬ್ರವರಿ 7ರಂದು ಸರ್ವೋಚ್ಚ ನ್ಯಾಯಾಲಯ ಅವನ್ನು ಎತ್ತಿಹಿಡಿಯಿತು. ಆದರೂ 2017ರಲ್ಲಿ, ಶಿಫಾರಸು ಜಾರಿಯಾಗಿಲ್ಲವೆಂಬ ನೌಕರರ ದೂರನ್ನು ಅದೇ ನ್ಯಾಯಾಲಯ ಮತ್ತೆ ವಿಚಾರಿಸಬೇಕಾಯಿತು. 1955ರ ಕಾಯಿದೆ ಈಗ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಲೀನವಾಗಿದೆ. ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಪತ್ರಕರ್ತರಿಗೇ ಮೀಸಲಾಗಿದ್ದ ವೇತನ ಮಂಡಳಿಯ ವ್ಯವಸ್ಥೆ ಇಲ್ಲವಾಗುವ ಬಗ್ಗೆ ಸಂಘಟನೆಗಳು ಆತಂಕ ವ್ಯಕ್ತಪಡಿಸಿವೆ. ಐಗಳಿಯಂಥ ಊರಿನಿಂದ ವರದಿ ಕಳಿಸುವವನಿಗೆ ಹಳೆಯ ಕಾಯಿದೆಯೂ ಹೊಸ ಸಂಹಿತೆಯೂ ಬಹುತೇಕ ಒಂದೇ. ನೇಮಕಾತಿ ಪತ್ರವೇ ಇಲ್ಲದವನನ್ನು ಕೆಲಸದಿಂದ ತೆಗೆಯುವ ಅಗತ್ಯವೂ ಬೀಳುವುದಿಲ್ಲ. ಅವನ ವರದಿಗಳನ್ನು ಪ್ರಕಟಿಸುವುದು ನಿಂತರೆ ಸಾಕು. ಉದ್ಯೋಗಕಡಿತದ ಯಾವ ಪಟ್ಟಿಯಲ್ಲಿಯೂ ಅವನ ಹೆಸರು ಬರುವುದಿಲ್ಲ. ವರ್ಷವರ್ಷವೂ ಅತಿಥಿ ಉಪನ್ಯಾಸಕರ ಅನಿಶ್ಚಿತತೆಯನ್ನು ಹತ್ತಿರದಿಂದ ಕಾಣುವ ಕನ್ನಡ ವಿಭಾಗಗಳಿಗೆ ಈ ಸ್ಥಿತಿಯ ಅರ್ಥ ತಿಳಿಯದಿರಲಾರದು.

5

ಮೊಬೈಲಿನಲ್ಲಿ ಎಲ್ಲ ಸುದ್ದಿಯೂ ಕ್ಷಣಾರ್ಧದಲ್ಲಿ ಸಿಗುವಾಗ ಜಿಲ್ಲಾ ಪತ್ರಿಕೆ ಹೋದರೆ ನಷ್ಟವೇನು ಎಂಬುದು ಸಹಜವಾದ ಆಕ್ಷೇಪಣೆ. ವೇಗದ ದೃಷ್ಟಿಯಿಂದ ಇದಕ್ಕೆ ಉತ್ತರವಿಲ್ಲ. ಆದರೆ ವಾಟ್ಸ್‌ಆ್ಯಪ್ ಗುಂಪಿನ ಸುದ್ದಿಗೆ ಹೊಣೆಗಾರನಿಲ್ಲ, ತಿದ್ದುಪಡಿಯ ಪದ್ಧತಿಯಿಲ್ಲ, ನಾಳೆಗೆ ಅದು ಉಳಿಯುವ ಭರವಸೆಯೂ ಇಲ್ಲ. 2025ರ ನವೆಂಬರ್‌ನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಬೆಲೆಗಾಗಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಧರಣಿ ಕುಳಿತಾಗ ರಾಜ್ಯದ ಎಲ್ಲ ಮಾಧ್ಯಮಗಳೂ ಅಲ್ಲಿಗೆ ಬಂದವು. ಧರಣಿ ಮುಗಿದೊಡನೆ ಹೋದವು. ಯಾವ ಕಾರ್ಖಾನೆ ಯಾವ ಕಂತಿನಲ್ಲಿ ಎಷ್ಟು ಕೊಟ್ಟಿತು, ಯಾವ ಊರಿನ ಕಬ್ಬು ತೂಕದಲ್ಲಿ ಎಷ್ಟು ಇಳಿಯಿತು ಎಂಬುದನ್ನು ವರ್ಷವಿಡೀ ಬರೆಯಬೇಕಾದವನು ಆ ನೆಲದಲ್ಲಿಯೇ ಇರುವ ವರದಿಗಾರ.

ಭಾಷೆಯ ದೃಷ್ಟಿಯಿಂದಲೂ ಇದು ವಿಚಾರಾರ್ಹ. ದ್ರಾಕ್ಷಿ ತೋಟಕ್ಕೆ ‘ಪಡ’ ಎಂದೂ ಬಳ್ಳಿ ಕತ್ತರಿಸುವುದಕ್ಕೆ ‘ಚಾಟ್ನಿ’ ಎಂದೂ ಹೇಳುವ ಕನ್ನಡ, ಮರಾಠಿಯೊಡನೆ ಒಕ್ಕಲುತನದಲ್ಲಿಯೂ ಪೇಟೆಯಲ್ಲಿಯೂ ಕೂಡಿ ಬೆಳೆದ ಕನ್ನಡ. ರಾಜ್ಯಮಟ್ಟದ ಪತ್ರಿಕೆ ಇವನ್ನು ‘ತೋಟ’, ‘ಸವರುವಿಕೆ’ ಎಂದು ತಿದ್ದುತ್ತದೆ. ಜಿಲ್ಲೆಯ ಪತ್ರಿಕೆ ಇದ್ದಂತೆ ಉಳಿಸಿಕೊಳ್ಳುವ ಸಂಭವ ಹೆಚ್ಚು. ಗಡಿಪ್ರದೇಶದ ಒಕ್ಕಲುಮಾತಿನ ಬರಹರೂಪ ಹೀಗೆ ದಿನದಿನವೂ ಸಂಚಯವಾಗುವ ಸ್ಥಾನ ಬೇರೊಂದಿಲ್ಲ.

ಮಹಾಜನ ಆಯೋಗದ 1967ರ ವರದಿಯ ನಂತರವೂ ಮುಗಿಯದ, 2004ರಿಂದ ಸರ್ವೋಚ್ಚ ನ್ಯಾಯಾಲಯದ ಮುಂದಿರುವ ಗಡಿವಿವಾದದ ಸಂದರ್ಭದಲ್ಲಿ ಕನ್ನಡದ ಇರುವಿಕೆಯನ್ನು ನಾಮಫಲಕಗಳಿಂದ ಅಳೆಯುವ ರೂಢಿ ಬೆಳೆದಿದೆ. ತನ್ನ ಊರಿನ ನೀರಿನ ಸುದ್ದಿ, ಪೇಟೆಯ ದರ, ಠಾಣೆಯ ಪ್ರಕರಣ ಕನ್ನಡದಲ್ಲಿ ಓದಲು ಸಿಗುತ್ತದೆಯೇ ಎಂಬುದು ಅದಕ್ಕಿಂತ ಗಟ್ಟಿಯಾದ ಅಳತೆ. ಮರಾಠಿ ಪತ್ರಿಕೆಗಳ ಬಗ್ಗೆ ಅಸಹನೆ ಇದಕ್ಕೆ ಉತ್ತರವಾಗದು. ತಮ್ಮ ಓದುಗರ ಊರುಗಳನ್ನು ಅವು ಬಿಟ್ಟುಕೊಟ್ಟಿಲ್ಲ ಎಂಬುದು ಕಲಿಯಬೇಕಾದ ಪಾಠ.

ಸಂಶೋಧನೆಯ ಆಕರವಾಗಿ ಪತ್ರಿಕೆಯ ಬೆಲೆಯನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ (1974) ಹತ್ತೊಂಬತ್ತನೆಯ ಶತಮಾನದ ಮುದ್ರಿತ ಸಾಮಗ್ರಿಯನ್ನು, ಪತ್ರಿಕೆಗಳನ್ನೂ ಒಳಗೊಂಡು, ತಾಳ್ಮೆಯಿಂದ ಹುಡುಕಿದ್ದರ ಫಲ. ಆ ಸಾಮಗ್ರಿಯನ್ನು ಯಾರೋ ಕೂಡಿಟ್ಟಿದ್ದರಿಂದಲೇ ಆ ಗ್ರಂಥ ಸಾಧ್ಯವಾಯಿತು. 1954ರ ಕಾಯಿದೆಯ 1956ರ ತಿದ್ದುಪಡಿಯಂತೆ ವೃತ್ತಪತ್ರಿಕೆಗಳೂ ರಾಷ್ಟ್ರದ ಗೊತ್ತಾದ ಗ್ರಂಥಾಲಯಗಳಿಗೆ ಪ್ರತಿ ಕಳಿಸಬೇಕು. ಸಂಬಳಕ್ಕೇ ತತ್ವಾರವಿರುವ ಜಿಲ್ಲಾ ಪತ್ರಿಕೆ ಇದನ್ನು ತಪ್ಪದೆ ಪಾಲಿಸುತ್ತದೆಂದು ನಂಬಿ ಕೂರಲಾಗದು. ಪತ್ರಿಕೆ ನಿಂತಾಗ ಅದರ ಹಳೆಯ ಸಂಪುಟಗಳು ರದ್ದಿಗೆ ಹೋಗುವುದು ತಡವಾಗುವುದಿಲ್ಲ.

6

ಹಾಗಾದರೆ ಮಾಡಬೇಕಾದುದೇನು? ನಾರ್ವೆ ದೇಶ 1969ರಿಂದ ಪತ್ರಿಕೆಗಳಿಗೆ ನೇರ ಸಹಾಯಧನ ನೀಡುತ್ತಿದೆ. ಅಲ್ಪಸಂಖ್ಯಾತರಾದ ಸಾಮಿ ಜನರ ಭಾಷೆಯ ಪತ್ರಿಕೆಗಳೂ ಅದರ ವ್ಯಾಪ್ತಿಯಲ್ಲಿವೆ. ಎಲ್ಲವನ್ನೂ ಮಾರುಕಟ್ಟೆಗೆ ಬಿಟ್ಟ ಅಮೆರಿಕದಲ್ಲಿ 2005ರ ನಂತರ 3,200ಕ್ಕೂ ಹೆಚ್ಚು ಪತ್ರಿಕೆಗಳು ನಿಂತಿವೆ. ಕರ್ನಾಟಕದಲ್ಲಿ ವಾರ್ತಾ ಇಲಾಖೆಯ ಜಾಹೀರಾತು ಒಂದು ಬಗೆಯ ಸಹಾಯಧನವೇ. ಆದರೆ ಅದು ಆಳುವವರ ಮರ್ಜಿಗೆ ಒಳಗಾಗುವ ಅಪಾಯವಿದೆ. ಮುದ್ರಿಸದ ಪ್ರತಿಗಳ ಲೆಕ್ಕ ತೋರಿಸಿ ಜಾಹೀರಾತು ಪಡೆಯುವ, ಹೆಸರಿಗಷ್ಟೇ ಇರುವ ಪತ್ರಿಕೆಗಳನ್ನೂ ಅದು ಪೋಷಿಸಬಹುದು. ಆದ್ದರಿಂದ ನೆರವಿನ ಮಾನದಂಡ ಪ್ರಸಾರಸಂಖ್ಯೆಯ ಘೋಷಣೆಯಾಗಬಾರದು. ಎಷ್ಟು ಪತ್ರಕರ್ತರಿಗೆ ನೇಮಕಾತಿ ಪತ್ರವಿದೆ, ಬಿಡಿ ಸುದ್ದಿಗಾರರಿಗೆ ವರದಿಗೆ ತಕ್ಕ ಸಂಭಾವನೆ ಬ್ಯಾಂಕಿನ ಮೂಲಕ ಸಂದಿದೆಯೇ ಎಂಬುದು ಮಾನದಂಡವಾಗಬೇಕು. ಈ ಲೆಕ್ಕವನ್ನು ಪರಿಶೀಲಿಸುವುದು ಕಷ್ಟವಲ್ಲ.

ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಭಾಗದ ಕನ್ನಡ ಶಾಲೆ, ಸಂಘಸಂಸ್ಥೆಗಳಿಗೆ ಅನುದಾನ ಕೊಡುತ್ತಿದೆ. ಇದೇ ಷರತ್ತಿನೊಡನೆ ಗಡಿ ತಾಲ್ಲೂಕುಗಳ ಸುದ್ದಿಗಾರಿಕೆಗೂ ಅನುದಾನ ಕೊಡುವುದು ಅದರ ಉದ್ದೇಶಕ್ಕೆ ಹೊರತಾಗದು. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳು ರಾಜ್ಯಮಟ್ಟದ ಪತ್ರಿಕೆಯೊಡನೆ ಜಿಲ್ಲೆಯ ಒಂದು ದೈನಿಕವನ್ನಾದರೂ ತರಿಸುವಂತಾದರೆ ಪತ್ರಿಕೆಗೆ ನಿಶ್ಚಿತ ಚಂದಾ, ಊರಿಗೆ ತನ್ನ ಸುದ್ದಿ ಎರಡೂ ದೊರೆಯುತ್ತವೆ.

ಕನ್ನಡ ವಿಭಾಗಗಳು ಸರ್ಕಾರದ ದಾರಿ ಕಾಯದೆ ಮಾಡಬಹುದಾದ ಕೆಲಸಗಳೂ ಇವೆ. ಪ್ರತಿಯೊಂದು ವಿಶ್ವವಿದ್ಯಾಲಯದ ಕನ್ನಡ ವಿಭಾಗ ತನ್ನ ವ್ಯಾಪ್ತಿಯ ಜಿಲ್ಲೆಯ ದೈನಿಕಗಳ ಹಳೆಯ ಸಂಪುಟಗಳನ್ನು ಪಡೆದು, ಬಿಂಬಗ್ರಹಣ ಮಾಡಿ, ಸೂಚಿ ತಯಾರಿಸಬೇಕು. ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ಇದಕ್ಕಿಂತ ಉಪಯುಕ್ತವಾದ ವಿಷಯ ಸಿಗುವುದು ವಿರಳ. ಪಠ್ಯಕ್ರಮದಲ್ಲಿ ಪತ್ರಿಕೋದ್ಯಮದ ಇತಿಹಾಸವನ್ನು ಓದಿಸುವುದರ ಜೊತೆಗೆ ಕರಡು ತಿದ್ದುವ, ವರದಿಯನ್ನು ಸಂಪಾದಿಸುವ ತರಬೇತಿ ಇರಬೇಕು. ಆದರೆ ಈ ತರಬೇತಿಯ ಹೆಸರಿನಲ್ಲಿ ವಿದ್ಯಾರ್ಥಿಗಳನ್ನು ಸಂಬಳವಿಲ್ಲದ ಉಪಸಂಪಾದಕರನ್ನಾಗಿ ಪತ್ರಿಕೆಗಳಿಗೆ ಒಪ್ಪಿಸಬಾರದು. ಅದು ಇರುವ ಒಂದೆರಡು ಹುದ್ದೆಗಳನ್ನೂ ಕಸಿದಂತಾಗುತ್ತದೆ. ಕೆಲಸ ಕಳೆದುಕೊಂಡ ಹಿರಿಯ ಉಪಸಂಪಾದಕರನ್ನು, ಕರಡು ತಿದ್ದುವವರನ್ನು ಗೌರವಧನ ಕೊಟ್ಟು ಕರೆಸಿ ಪಾಠ ಹೇಳಿಸುವುದು, ಅವರ ವೃತ್ತಿಯ ನೆನಪುಗಳನ್ನು ದಾಖಲಿಸುವುದು ಆಗಬೇಕಾದ ಕೆಲಸ. ಮೊಳೆ ಜೋಡಿಸಿದ ತಲೆಮಾರಿನವರು ಇನ್ನು ಹೆಚ್ಚು ಕಾಲ ದೊರೆಯರು.

ಜಿಲ್ಲಾ ಪತ್ರಿಕೆಗಳೆಲ್ಲವೂ ಉಳಿಯಲಾರವು. ಎಲ್ಲವೂ ಉಳಿಯಲು ಯೋಗ್ಯವೆಂದೂ ಹೇಳಲಾಗದು. ಉಳಿಯಬೇಕಾದದ್ದು ಒಂದು ಊರಿನ ಬದುಕನ್ನು ಆ ಊರಿನ ಕನ್ನಡದಲ್ಲಿ, ಹೆಸರು ಹಾಕಿ, ಹೊಣೆ ಹೊತ್ತು, ಕೂಲಿ ಪಡೆದು ಬರೆಯುವ ವೃತ್ತಿ. ಕನ್ನಡ ಅನ್ನದ ಭಾಷೆಯಾಗಬೇಕೆಂದು ವೇದಿಕೆಗಳಲ್ಲಿ ಹೇಳುವವರ ಮುಂದೆ, ಕನ್ನಡ ಬರೆದು ತಿದ್ದಿಯೇ ಅನ್ನ ಕಾಣುತ್ತಿದ್ದವರು ಒಬ್ಬೊಬ್ಬರಾಗಿ ಆ ವೃತ್ತಿಯನ್ನು ಬಿಡುತ್ತಿದ್ದಾರೆ. ಅವರನ್ನು ಲೆಕ್ಕಕ್ಕೆ ಹಿಡಿಯುವುದು ಕನ್ನಡ ಅಧ್ಯಯನದ ಹೊರಗಿನ ಕೆಲಸವೆಂದು ತಿಳಿಯುವವರೆಗೆ ಆ ಅಧ್ಯಯನವೂ ಅಪೂರ್ಣವೇ.